ಬಾಣಂತಿಯ ತಲೆನೋವು ಮತ್ತು ಮಿದುಳಿನ ರಕ್ತನಾಳ



ಲಕ್ವಾ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ವಯಸ್ಸಾದವರ ಚಿತ್ರ. ರಕ್ತದ ಒತ್ತಡವೋ ಸಕ್ಕರೆ ಕಾಯಿಲೆಯೋ ಇದ್ದ ಹಿರಿಯರಿಗೆ ಒಂದು ಬೆಳಿಗ್ಗೆ ಕೈಕಾಲು ಬಾರದಂತಾಗುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ಇದನ್ನು ನಾವೆಲ್ಲ ಬಲ್ಲೆವು. ಆದರೆ ಇಪ್ಪತ್ತು ಇಪ್ಪತ್ತೈದು ವರ್ಷದ ಹೆಣ್ಣುಮಗಳಿಗೆ, ಅದೂ ಸುಸೂತ್ರವಾಗಿ ಹೆರಿಗೆಯಾಗಿ, ಮನೆಯಲ್ಲಿ ತೊಟ್ಟಿಲು ಕಟ್ಟುವ ಸಂಭ್ರಮ ನಡೆದಿರುವಾಗ ಇಂಥದೇ ಆಘಾತವಾಗಬಹುದು ಎಂದರೆ ನಂಬುವುದು ಕಷ್ಟ. ಈ ಕಾಯಿಲೆ ಅಪರೂಪದ್ದು, ನಿಜ. ಆದರೆ ಅದು ಬಂದ ಮನೆಗೆ ಅಪರೂಪ ಎಂಬ ಮಾತಿನಿಂದ ಸಮಾಧಾನವಿಲ್ಲ. ಬೇಗ ಗುರುತಿಸಿದರೆ ಬಹುಮಂದಿ ಗುಣವಾಗುತ್ತಾರೆ. ಗುರುತಿಸುವ ಕೆಲಸ ಆಸ್ಪತ್ರೆಯಲ್ಲಿ ಅಲ್ಲ, ಮನೆಯಲ್ಲಿ ಆರಂಭವಾಗುತ್ತದೆ. ಆದ್ದರಿಂದ ಈ ಮಾತುಗಳನ್ನು ವೈದ್ಯರಿಗಿಂತ ಮೊದಲು ನಿಮಗೆ ಹೇಳಬೇಕಾಗಿದೆ.

ವೈದ್ಯರು ಇದನ್ನು 'ಸೆರೆಬ್ರಲ್ ವೀನಸ್ ಥ್ರಾಂಬೋಸಿಸ್' ಎನ್ನುತ್ತಾರೆ, ಚಿಕ್ಕದಾಗಿ ಸಿ.ವಿ.ಟಿ. ಕನ್ನಡದಲ್ಲಿ ಹೇಳುವುದಾದರೆ, ಮಿದುಳಿನಿಂದ ರಕ್ತವನ್ನು ಹೊರಗೆ ಒಯ್ಯುವ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು.

ಇದನ್ನು ಅರಿಯಲು ಭೀಮಾ ತೀರದ ಒಂದು ಕಬ್ಬಿನ ಹೊಲವನ್ನು ನೆನೆಯಿರಿ. ಹೊಲಕ್ಕೆ ನೀರು ತರುವುದು ಕಾಲುವೆ. ಹೆಚ್ಚಾದ ನೀರನ್ನು ಹೊರಗೆ ಸಾಗಿಸುವುದು ಬಸಿಗಾಲುವೆ. ಕಾಲುವೆ ಕಟ್ಟಿಕೊಂಡರೆ ಬೆಳೆ ಒಣಗುತ್ತದೆ. ಬಸಿಗಾಲುವೆ ಕಟ್ಟಿಕೊಂಡರೆ ನೀರು ನಿಂತು ಬೇರು ಕೊಳೆಯುತ್ತದೆ. ಎರಡರಲ್ಲೂ ಬೆಳೆ ಹಾಳೇ, ಆದರೆ ಹಾಳಾಗುವ ರೀತಿ ಬೇರೆ. ಸಾಮಾನ್ಯ ಲಕ್ವಾದಲ್ಲಿ ಮಿದುಳಿಗೆ ರಕ್ತ ತರುವ ಅಪಧಮನಿ ಕಟ್ಟಿಕೊಳ್ಳುತ್ತದೆ ಇಲ್ಲವೆ ಒಡೆಯುತ್ತದೆ. ಸಿ.ವಿ.ಟಿ.ಯಲ್ಲಿ ಕಟ್ಟಿಕೊಳ್ಳುವುದು ಬಸಿಗಾಲುವೆ. ಹೊರಗೆ ಹೋಗಬೇಕಾದ ರಕ್ತ ಒಳಗೇ ನಿಲ್ಲುತ್ತದೆ, ತಲೆಯೊಳಗೆ ಒತ್ತಡ ಏರುತ್ತದೆ, ಮಿದುಳು ಊದಿಕೊಳ್ಳುತ್ತದೆ. ಕೆಲವೊಮ್ಮೆ ಒತ್ತಡ ತಾಳಲಾರದೆ ಸಣ್ಣ ನಾಳಗಳು ಸೋರಿ ರಕ್ತಸ್ರಾವವೂ ಆಗುತ್ತದೆ.

ಕಾಲುವೆ ಕಟ್ಟಿಕೊಂಡದ್ದು ಕೂಡಲೇ ತಿಳಿಯುತ್ತದೆ. ಬಸಿಗಾಲುವೆ ಕಟ್ಟಿಕೊಂಡದ್ದು ತಿಳಿಯಲು ಕೆಲವು ದಿನ ಬೇಕು. ಈ ಕಾಯಿಲೆಯ ಸ್ವಭಾವವೂ ಹಾಗೆಯೇ. ಅದು ಹೆಚ್ಚಾಗಿ ಸಿಡಿಲಿನಂತೆ ಬಂದೆರಗುವುದಿಲ್ಲ. ಎರಡು ದಿನ, ನಾಲ್ಕು ದಿನ, ಕೆಲವರಲ್ಲಿ ವಾರಕ್ಕೂ ಮೀರಿ ಅದು ಮುನ್ಸೂಚನೆ ಕೊಡುತ್ತಲೇ ಇರುತ್ತದೆ. ಆ ಸೂಚನೆಯ ಹೆಸರು ತಲೆನೋವು. 2004ರಲ್ಲಿ ಪ್ರಕಟವಾದ, 21 ದೇಶಗಳ 624 ರೋಗಿಗಳನ್ನು ಒಳಗೊಂಡ ಒಂದು ದೊಡ್ಡ ಅಧ್ಯಯನದಲ್ಲಿ ನೂರಕ್ಕೆ ಸುಮಾರು 89 ಮಂದಿಗೆ ತಲೆನೋವು ಇತ್ತು. ನೂರಕ್ಕೆ 39 ಮಂದಿಗೆ ಫಿಟ್ಸ್ ಬಂದಿತ್ತು. ಅಂದರೆ ಕೈಕಾಲು ಬೀಳುವ ಮೊದಲೇ ಕಾಯಿಲೆ ತನ್ನನ್ನು ತೋರಿಸಿಕೊಳ್ಳುವುದುಂಟು. ನೋಡುವ ಕಣ್ಣು ಬೇಕು, ಅಷ್ಟೇ.

ಈ ಕಾಯಿಲೆ ಹೊಸದೇನೂ ಅಲ್ಲ. 1825ರಲ್ಲಿ ರೀಬ್ ಎಂಬ ಫ್ರೆಂಚ್ ವೈದ್ಯರು ತಲೆನೋವು, ಫಿಟ್ಸ್, ಬಡಬಡಿಕೆಗಳಿಂದ ತಿಂಗಳುಗಟ್ಟಲೆ ನರಳಿದ 45 ವರ್ಷದ ಒಬ್ಬ ಗಂಡಸಿನಲ್ಲಿ ಇದನ್ನು ವಿವರಿಸಿದರು. ಮೂರು ವರ್ಷಗಳ ನಂತರ, 1828ರಲ್ಲಿ, ಅಬರ್‌ಕ್ರಾಂಬಿ ಎಂಬ ವೈದ್ಯರು ಹೆರಿಗೆಯಾಗಿ ಎರಡು ವಾರ ಕಳೆದಿದ್ದ ತರುಣಿಯೊಬ್ಬಳಲ್ಲಿ ಇದೇ ಕಾಯಿಲೆಯನ್ನು ಬರೆದಿಟ್ಟರು. ಬಾಣಂತಿಗೂ ಈ ಕಾಯಿಲೆಗೂ ಇರುವ ನಂಟು ಇನ್ನೂರು ವರ್ಷಗಳಿಂದ ಗೊತ್ತಿರುವ ಸಂಗತಿ.

ಎಷ್ಟು ಅಪರೂಪ ಎಂದು ನೀವು ಕೇಳಬಹುದು. ನೆದರ್ಲೆಂಡ್ಸ್ ದೇಶದ ಎರಡು ಪ್ರಾಂತ್ಯಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಎಣಿಕೆಯಂತೆ ವರ್ಷಕ್ಕೆ ಹತ್ತು ಲಕ್ಷ ವಯಸ್ಕರಲ್ಲಿ ಸುಮಾರು 13 ಮಂದಿಗೆ ಇದು ಬರುತ್ತದೆ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಪ್ರಕಟವಾದ ಲೆಕ್ಕದಂತೆ ಒಂದು ಲಕ್ಷ ಹೆರಿಗೆಗಳಿಗೆ ಸುಮಾರು 12. ನಮ್ಮ ದೇಶದಲ್ಲಿ ಇದು ಅಷ್ಟು ಅಪರೂಪವಾಗಿ ಉಳಿದಿಲ್ಲ ಎಂಬುದನ್ನು ನರರೋಗ ತಜ್ಞರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಈ ಮಾತನ್ನು ಗಟ್ಟಿಯಾಗಿ ಹೇಳಿದವರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮುಖ್ಯರು. ಆ ಸಂಸ್ಥೆಯ ಡಾ. ಡಿ. ನಾಗರಾಜ, ಡಾ. ಎ. ಬಿ. ತಳಿ ಮತ್ತು ಅವರ ಸಂಗಡಿಗರು 1980ರ ದಶಕದಿಂದಲೂ ಬಾಣಂತಿಯರ ಈ ಕಾಯಿಲೆಯ ಬಗ್ಗೆ ಬರೆದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಇಂಥ ಬಾಣಂತಿಯರಿಗೆ ಪ್ರಯೋಜನವಾಗುತ್ತದೆ ಎಂಬುದನ್ನು 1999ರಲ್ಲಿ ಪ್ರಕಟಿಸಿದರು. ಲೋಕದ ವೈದ್ಯರು ಇಂದಿಗೂ ಓದುವ ಕೆಲಸ ಅದು, ಕನ್ನಡ ನಾಡಿನ ಬಾಣಂತಿಯರ ಹಾಸಿಗೆಯ ಪಕ್ಕದಲ್ಲಿ ನಡೆದದ್ದು.

ಬಾಣಂತಿಗೇ ಏಕೆ? ಹೆರಿಗೆಯಲ್ಲಿ ತಾಯಿಯ ರಕ್ತ ಬಹಳ ಹೋಗಿ ಜೀವಕ್ಕೆ ಅಪಾಯವಾಗಬಾರದೆಂದು ಪ್ರಕೃತಿ ಒಂದು ಏರ್ಪಾಡು ಮಾಡಿದೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ಮತ್ತು ಹೆರಿಗೆಯಾದ ಮೇಲಿನ ಆರು ವಾರಗಳಲ್ಲಿ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಇದು ಎಲ್ಲ ತಾಯಂದಿರಿಗೂ ಸಹಜ. ಇದರ ಮೇಲೆ ಇನ್ನೊಂದೆರಡು ಕಾರಣ ಸೇರಿದಾಗ ತೊಂದರೆ ಆಗುತ್ತದೆ. ರಕ್ತಹೀನತೆ ಒಂದು ಕಾರಣ. ಹೆರಿಗೆಯ ನಂತರದ ಸೋಂಕು, ಜ್ವರ ಇನ್ನೊಂದು. ಬಿ-12 ಮತ್ತು ಫೋಲಿಕ್ ಆಮ್ಲದ ಕೊರತೆಯಿಂದ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಹೆಚ್ಚಾಗುವುದು ಮತ್ತೊಂದು. ಕೆಲವರಿಗೆ ಹುಟ್ಟಿನಿಂದಲೇ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಬಂದಿರುತ್ತದೆ. ಇವೆಲ್ಲದರ ಜೊತೆಗೆ, ನಾವೇ ಕೈಯಾರೆ ಸೇರಿಸುವ ಕಾರಣ ಒಂದಿದೆ. ಅದು ಬಾಣಂತಿಗೆ ನೀರು ಕೊಡದಿರುವುದು.

"ಬಾಣಂತಿಗಿ ನೀರ್ ಕೊಡಬ್ಯಾಡ್ರಿ, ಹೊಟ್ಟಿ ಬರ್ತದ, ಕೂಸಿಗಿ ನೆಗಡಿ ಆಗ್ತದ" ಎಂಬ ಮಾತನ್ನು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಓದುಗರು ಕೇಳಿರಬಹುದು. ಹೇಳುವವರು ಕೆಟ್ಟವರಲ್ಲ. ಮಗಳ ಮೇಲಿನ ಅಕ್ಕರೆಯಿಂದಲೇ ಹೇಳುತ್ತಾರೆ. ಆದರೆ ನಮ್ಮ ಭಾಗದ ಬಿಸಿಲನ್ನು ನೆನೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 42 ಡಿಗ್ರಿ ದಾಟುವುದು ಇಲ್ಲಿ ವಿಶೇಷವೇನಲ್ಲ. ಅಂಥ ದಿನಗಳಲ್ಲಿ ಗಾಳಿಯಾಡದ ಕೋಣೆ, ತಲೆಗೆ ಬಿಗಿದ ಬಟ್ಟೆ, ಮಂಚದ ಕೆಳಗೆ ಕೆಂಡ, ಒಣ ಊಟ, ಲೆಕ್ಕ ಹಾಕಿ ಕೊಟ್ಟ ನೀರು. ಅದರ ಮೇಲೆ ಆಕೆ ಮಗುವಿಗೆ ಹಾಲೂಡಿಸಬೇಕು, ಆ ಹಾಲು ಕೂಡ ಅವಳ ಮೈಯ ನೀರಿನಿಂದಲೇ ಆಗಬೇಕು. ಬೆವರಿನಲ್ಲಿ ಹೋದದ್ದು, ಹಾಲಿನಲ್ಲಿ ಹೋದದ್ದು ತುಂಬಿಬರದಿದ್ದರೆ ರಕ್ತ ಮಂದವಾಗುತ್ತದೆ. ಮೊದಲೇ ಹೆಪ್ಪುಗಟ್ಟುವ ಸ್ವಭಾವದಲ್ಲಿರುವ ರಕ್ತ ಹೀಗೆ ಮಂದವೂ ಆದರೆ ಹೆಪ್ಪುಗಟ್ಟಲು ಹಾದಿ ಸಲೀಸಾಗುತ್ತದೆ.

ಆದ್ದರಿಂದ ಅಜ್ಜಿಯರಲ್ಲಿ, ತಾಯಂದಿರಲ್ಲಿ ಒಂದು ವಿನಂತಿ. ಅಳವಿ ಪಾಯಸ ಮಾಡಿ, ಅಂಟಿನುಂಡಿ ಕಟ್ಟಿ, ಎಣ್ಣೆ ನೀರು ಎರೆಯಿರಿ. ಇವುಗಳಿಗೆ ಯಾರ ಅಡ್ಡಿಯೂ ಇಲ್ಲ. ತಣ್ಣೀರು ಬೇಡವೆಂದರೆ ಕಾಯಿಸಿ ಆರಿಸಿದ ನೀರು ಕೊಡಿ, ಜೀರಿಗೆ ಹಾಕಿ ಕುದಿಸಿದ ನೀರು ಕೊಡಿ, ಗಂಜಿ, ಹಾಲು, ಮಜ್ಜಿಗೆ ಕೊಡಿ. ಆದರೆ ಬಾಯಾರಿದೆ ಎಂದಾಗ ಇಲ್ಲ ಎನ್ನಬೇಡಿ. ಪ್ರತಿ ಸಲ ಮಗುವಿಗೆ ಹಾಲೂಡಿಸುವಾಗ ಒಂದು ಲೋಟ ನೀರು ಅವಳ ಕೈಗೆ ಬರಲಿ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದು ತಿಳಿಯಿರಿ. ಅವಳು ದಿನವಿಡೀ ಮಲಗಿಯೇ ಇರದೆ ಮನೆಯೊಳಗೆ ನಾಲ್ಕು ಹೆಜ್ಜೆ ಓಡಾಡಲಿ. ಬಸುರಿನಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಹೆರಿಗೆಯಾದ ಮೇಲೂ ಹೇಳಿದಷ್ಟು ದಿನ ನುಂಗಲಿ.

ಇನ್ನು ಗುರುತಿಸುವ ವಿಚಾರ. ಹೆರಿಗೆಯಾದ ಮೊದಲ ಎರಡು ಮೂರು ವಾರಗಳಲ್ಲಿ, ಹೆಚ್ಚೆಂದರೆ ಆರು ವಾರದೊಳಗೆ, ಬಾಣಂತಿ "ತಲಿ ಭಾಳ ನೋಯ್ಲತ್ತದ" ಎನ್ನುತ್ತಾಳೆ. ನೋವು ದಿನದಿಂದ ದಿನಕ್ಕೆ ಏರುತ್ತದೆ. ಮಲಗಿದಾಗ, ಕೆಮ್ಮಿದಾಗ, ಬಗ್ಗಿದಾಗ ಹೆಚ್ಚಾಗಬಹುದು. ವಾಂತಿಯಾಗುತ್ತದೆ. ಕಣ್ಣು ಮಂಜಾಗುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಮುಂದೆ ಫಿಟ್ಸ್ ಬರಬಹುದು. ಒಂದು ಕೈ, ಒಂದು ಕಾಲು, ಕೆಲವೊಮ್ಮೆ ಎರಡೂ ಕಾಲು ಸೋಲಬಹುದು. ಮಾತು ಅಸ್ತವ್ಯಸ್ತವಾಗಬಹುದು, ಮಂಪರು ಕವಿಯಬಹುದು, ತನ್ನ ಕೂಸನ್ನೇ ಗುರುತಿಸದಂತಾಗಬಹುದು.

ಇಲ್ಲಿ ಮೂರು ತಪ್ಪು ತಿಳಿವಳಿಕೆಗಳು ಅಡ್ಡ ಬರುತ್ತವೆ. ಮೊದಲನೆಯದು, ಸಿಸೇರಿಯನ್ ಆಗಿದ್ದರೆ "ಬೆನ್ನಿಗೆ ಸೂಜಿ ಹಾಕಿದ್ದಕ್ಕೆ ತಲೆನೋವು" ಎಂಬ ಸಮಾಧಾನ. ಆ ಬಗೆಯ ತಲೆನೋವು ಇರುವುದು ನಿಜ. ಆದರೆ ಅದು ಎದ್ದು ಕೂತಾಗ ಹೆಚ್ಚಾಗಿ, ಮಲಗಿದರೆ ಇಳಿಯುತ್ತದೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ. ಮಲಗಿದರೂ ಇಳಿಯದ, ದಿನೇ ದಿನೇ ಏರುವ ನೋವು ಬೇರೆಯೇ. ಎರಡನೆಯದು, ರಕ್ತದ ಒತ್ತಡ. ಹೆರಿಗೆಯಾದ ಮೇಲೂ ಒತ್ತಡ ಏರಿ ತಲೆನೋವು, ಫಿಟ್ಸ್ ಬರುವುದುಂಟು. ಅದೂ ಜೀವಕ್ಕೆ ಅಪಾಯವೇ, ಅದರ ಚಿಕಿತ್ಸೆಯೇ ಬೇರೆ. ಯಾವುದು ಎಂದು ಮನೆಯಲ್ಲಿ ಕೂತು ತೀರ್ಮಾನಿಸಲಾಗದು. ಎರಡಕ್ಕೂ ಆಸ್ಪತ್ರೆಯೇ ದಾರಿ.

ಮೂರನೆಯದು, "ಸನ್ನಿ" ಎಂಬ ಹಳೆಯ ಹೆಸರು. ಬಾಣಂತಿ ಬಡಬಡಿಸಿದರೆ, ಕೈಕಾಲು ಸೆಟೆದುಕೊಂಡರೆ ಬಾಣಂತಿ ಸನ್ನಿ ಎನ್ನುತ್ತಿದ್ದರು. ಆ ಒಂದೇ ಹೆಸರಿನೊಳಗೆ ನಂಜಿನ ಜ್ವರ, ಏರಿದ ರಕ್ತದೊತ್ತಡ, ಹೆರಿಗೆಯ ನಂತರದ ಮನೋವ್ಯಾಧಿ, ಮಿದುಳಿನ ಈ ರಕ್ತಹೆಪ್ಪು ಎಲ್ಲವೂ ಸೇರಿಹೋಗಿದ್ದವು. ಕೆಲವರು ಗಾಳಿ ಸೋಕಿದೆ ಎಂದರು, ಕೆಲವರು ಮೈಮೇಲೆ ಬಂದಿದೆ ಎಂದರು. ನಮ್ಮ ಜಿಲ್ಲೆಯಲ್ಲಿ ಭೀಮಾ ಅಮರ್ಜಾ ಸಂಗಮದ ಗಾಣಗಾಪುರಕ್ಕೆ ಇಂಥವರನ್ನು ಕರೆದೊಯ್ಯುವ ರೂಢಿ ಹಿಂದಿನಿಂದ ಇದೆ, ದೂರದ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಯಾರ ಶ್ರದ್ಧೆಯನ್ನೂ ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ದೇವರಿಗೆ ಹರಕೆ ಹೊರಿ, ಅಂಗಾರ ಹಚ್ಚಿ, ತಾಯಿತ ಕಟ್ಟಿ. ಆದರೆ ಮೊದಲು ಆಸ್ಪತ್ರೆಯ ಹಾದಿ ಹಿಡಿಯಿರಿ. ದೇವರು ಕಾಯುತ್ತಾನೆ, ಊದಿಕೊಳ್ಳುತ್ತಿರುವ ಮಿದುಳು ಕಾಯುವುದಿಲ್ಲ.

ಮನೆಯಲ್ಲಿ ಫಿಟ್ಸ್ ಬಂದರೆ ಏನು ಮಾಡಬೇಕು? ಮಗುವನ್ನು ಪಕ್ಕದಿಂದ ಎತ್ತಿಕೊಳ್ಳಿ. ಆಕೆಯನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ತಲೆಗೆ ಕಟ್ಟಿದ ಬಟ್ಟೆ, ಕೊರಳ ಬಿಗಿ ಸಡಿಲಿಸಿ. ಕೈಯಲ್ಲಿ ಕಬ್ಬಿಣ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ, ಚಪ್ಪಲಿ ಹಿಡಿಯುವುದು ಬೇಡ. ಹಲ್ಲಿನ ನಡುವೆ ಚಮಚೆ ತುರುಕಬೇಡಿ. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಫೋನ್ ಮಾಡಿ. ರಾಜ್ಯದಲ್ಲಿ 2008ರಿಂದ ಈ ಸೇವೆ ಇದೆ. ತಾಯಿ ಕಾರ್ಡು ಜೊತೆಗಿರಲಿ. ಆಸ್ಪತ್ರೆಯಲ್ಲಿ ಹೇಳಬೇಕಾದ ಮೊದಲ ಮಾತು, "ಹೆರಿಗೆಯಾಗಿ ಇಷ್ಟು ದಿನವಾಗಿದೆ, ಇಷ್ಟು ದಿನದಿಂದ ತಲೆನೋವಿದೆ." ಈ ಎರಡು ಲೆಕ್ಕಗಳು ವೈದ್ಯರಿಗೆ ಅರ್ಧ ದಾರಿ ತೋರಿಸುತ್ತವೆ.

ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದೊತ್ತಡ ನೋಡಿ, ಫಿಟ್ಸ್ ನಿಲ್ಲಿಸಿ, ಸಲಾಯಿನ್ ಹಚ್ಚಿ ಮುಂದಕ್ಕೆ ಕಳಿಸುತ್ತಾರೆ. ಆಳಂದದಿಂದ, ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿಲೋಮೀಟರು, ಅಫಜಲಪುರದಿಂದ ಇನ್ನೂ ದೂರ. ಕಲಬುರಗಿಯಲ್ಲಿ 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿದೆ, 2013ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ. ಗಡಿ ಊರುಗಳವರು ಸೊಲ್ಲಾಪುರಕ್ಕೂ, ಕೆಲವರು ಹೈದರಾಬಾದಿಗೂ ಹೋಗುವುದುಂಟು. ಎಲ್ಲಿಗೇ ಹೋಗಿ, ಒಂದು ಮಾತು ನೆನಪಿರಲಿ: ಬರಿಯ ಸಿ.ಟಿ. ಸ್ಕ್ಯಾನಿನಲ್ಲಿ ಈ ಕಾಯಿಲೆ ಕೆಲವೊಮ್ಮೆ ಕಾಣುವುದಿಲ್ಲ. ಎಂ.ಆರ್.ಐ. ಜೊತೆಗೆ ಅಭಿಧಮನಿಗಳ ಚಿತ್ರ ತೆಗೆಯುವ ಎಂ.ಆರ್. ವೀನೋಗ್ರಾಮ್ ಮಾಡಿದರೆ ಸ್ಪಷ್ಟವಾಗುತ್ತದೆ. ಸಿ.ಟಿ. ಸರಿಯಿದೆ ಎಂದ ಮೇಲೂ ತಲೆನೋವು ಏರುತ್ತಿದ್ದರೆ "ಅಭಿಧಮನಿಯ ಸ್ಕ್ಯಾನು ಬೇಕೇನ್ರಿ, ಡಾಕ್ಟರೇ?" ಎಂದು ವಿನಯದಿಂದ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಚಿಕಿತ್ಸೆಯ ತಿರುಳು ಹೆಪಾರಿನ್. ಮಿದುಳಿನಲ್ಲಿ ರಕ್ತ ಸೋರಿದ್ದರೂ ವೈದ್ಯರು ರಕ್ತ ತೆಳುವಾಗಿಸುವ ಔಷಧ ಕೊಡುತ್ತಾರೆ. ಇದು ಮನೆಯವರಿಗೆ ಗಾಬರಿ ಹುಟ್ಟಿಸಬಹುದು. ಆದರೆ ಸೋರಿಕೆಗೆ ಕಾರಣವೇ ಕಟ್ಟಿಕೊಂಡ ಬಸಿಗಾಲುವೆ. ಅದು ತೆರೆದರೆ ಒತ್ತಡ ಇಳಿಯುತ್ತದೆ. 1991ರಲ್ಲಿ ಜರ್ಮನಿಯ ವೈದ್ಯರು 20 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಹೆಪಾರಿನ್ ಪಡೆದ 10 ಮಂದಿಯಲ್ಲಿ ಯಾರೂ ಸಾಯಲಿಲ್ಲ, ಪಡೆಯದ 10 ಮಂದಿಯಲ್ಲಿ ಮೂವರು ತೀರಿಕೊಂಡರು. ಮಿದುಳು ತೀರಾ ಊದಿಕೊಂಡರೆ ತಲೆಬುರುಡೆಯ ಒಂದು ಭಾಗ ತೆಗೆದು ಒತ್ತಡ ಇಳಿಸುವ ಶಸ್ತ್ರಚಿಕಿತ್ಸೆಯೂ ಇದೆ, ಅದು ಎಷ್ಟೋ ಜೀವಗಳನ್ನು ಉಳಿಸಿದೆ.

ಮೊದಲು ಹೇಳಿದ 624 ಮಂದಿಯಲ್ಲಿ ಸುಮಾರು 8 ಶೇಕಡಾ ಜನ ತೀರಿಕೊಂಡರು. 79 ಶೇಕಡಾ ಜನ ಪೂರ್ತಿಯಾಗಿ ಗುಣವಾದರು. ಲಕ್ವಾಗಳಲ್ಲೆಲ್ಲ ಇಷ್ಟು ಒಳ್ಳೆಯ ಫಲ ಕೊಡುವುದು ವಿರಳ. ಹಾಗೆ ಬದುಕಿಬಂದವರ ಮುಂದಿನ ಬಾಳನ್ನು ಈಗ ನೋಡೋಣ. ಆಸ್ಪತ್ರೆಯಿಂದ ಮನೆಗೆ ಬಂದಾಕೆಯ ಕಾಯಿಲೆ ಅಂದಿಗೇ ಮುಗಿಯುವುದಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆಯನ್ನು ಸಾಮಾನ್ಯವಾಗಿ 3 ತಿಂಗಳಿಂದ 12 ತಿಂಗಳವರೆಗೆ, ಕೆಲವರು ಜೀವನಪೂರ್ತಿ ನುಂಗಬೇಕಾಗುತ್ತದೆ. ವಾರ್ಫರಿನ್ ಅಥವಾ ಅಸಿನೋಕುಮರಾಲ್ ಇದ್ದರೆ ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಆಗಾಗ ಮಾಡಿಸಬೇಕು. ಅದರ ಅಂಕಿ 2 ಮತ್ತು 3ರ ನಡುವೆ ಇರಬೇಕು. ಕಡಿಮೆಯಾದರೆ ಮತ್ತೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಈ ಪರೀಕ್ಷೆಗೆ ದೂರದ ಊರಿನಿಂದ ಬಸ್ಸು ಹಿಡಿದು ಬರುವುದು, ಒಂದು ದಿನದ ಕೂಲಿ ಬಿಡುವುದು ಸುಲಭವಲ್ಲ. ಆದರೂ ತಪ್ಪಿಸಬೇಡಿ. ಪದೇ ಪದೇ ಪರೀಕ್ಷೆ ಬೇಡದ ಹೊಸ ಮಾತ್ರೆಗಳೂ ಬಂದಿವೆ. 2019ರಲ್ಲಿ ಪ್ರಕಟವಾದ, 120 ರೋಗಿಗಳ ಅಧ್ಯಯನವೊಂದರಲ್ಲಿ ಅಂಥ ಒಂದು ಮಾತ್ರೆ ವಾರ್ಫರಿನ್‌ಗೆ ಸರಿಸಮವಾಗಿ ಕಂಡಿತು. ಆದರೆ ಅವು ಎಲ್ಲರಿಗೂ ಹೊಂದುವುದಿಲ್ಲ. ಹಾಲೂಡಿಸುವ ತಾಯಂದಿರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ವಾರ್ಫರಿನ್ ನುಂಗುತ್ತ ಮಗುವಿಗೆ ಹಾಲೂಡಿಸಬಹುದು, ಹೆದರಬೇಕಾಗಿಲ್ಲ.

ಊಟದ ವಿಚಾರವೂ ಮುಖ್ಯ. ತಪ್ಪಲ ಪಲ್ಯಗಳಲ್ಲಿ ಕೆ ಜೀವಸತ್ವ ಇದ್ದು ಅದು ವಾರ್ಫರಿನ್‌ನ ಗುಣವನ್ನು ತಗ್ಗಿಸುತ್ತದೆ. ಹಾಗೆಂದು ಮೆಂತ್ಯ, ಪಾಲಕ, ಪುಂಡಿ ಪಲ್ಯ ಬಿಡಬೇಕೆಂದಲ್ಲ. ಒಂದು ವಾರ ಬರೀ ಪಲ್ಯ, ಇನ್ನೊಂದು ವಾರ ಏನೂ ಇಲ್ಲ ಎಂದಾಗದೆ, ದಿನಾ ಒಂದೇ ಹದದಲ್ಲಿ ತಿನ್ನಿ. ಮೈಕೈ ನೋವಿಗೆ ಅಂಗಡಿಯಿಂದ ಗುಳಿಗೆ ತಂದು ನುಂಗಬೇಡಿ. ಜ್ವರಕ್ಕೆ "ಒಂದ್ ಸೂಜಿ ಮಾಡ್ರಿ" ಎಂದು ಕೇಳುವ ಅಭ್ಯಾಸವೂ ಬೇಡ. ರಕ್ತ ತೆಳುವಿರುವಾಗ ಕುಂಡಿಗೆ ಚುಚ್ಚಿದ ಸೂಜಿಯಿಂದ ಮಾಂಸದೊಳಗೆ ರಕ್ತ ತುಂಬಿಕೊಳ್ಳಬಹುದು. ಹಲ್ಲು ಕೀಳಿಸುವ ಮೊದಲು ಮಾತ್ರೆಯ ಚೀಟಿ ತೋರಿಸಿ.

ಫಿಟ್ಸ್ ಬಂದಿದ್ದವರು ಅದರ ಮಾತ್ರೆಯನ್ನು ವೈದ್ಯರು ಹೇಳುವ ತನಕ ನಿಲ್ಲಿಸಬಾರದು. "ಮೂರು ತಿಂಗಳಿಂದ ಬಂದಿಲ್ಲ, ಬಿಟ್ಟರಾಯಿತು" ಎನ್ನುವುದೇ ಮರಳಿ ಫಿಟ್ಸ್ ಬರಲು ಕಾರಣವಾಗಬಹುದು. ಒಬ್ಬರೇ ಬಾವಿಗೆ ಇಳಿಯುವುದು, ಹೊಳೆಯಲ್ಲಿ ಈಸುವುದು, ಮೋಟಾರ್ ಸೈಕಲ್ ಓಡಿಸುವುದು ಕೆಲಕಾಲ ಬೇಡ. ಕಟ್ಟಿಗೆ ಒಲೆಯ ಮುಂದೆ ಜೊತೆಗೆ ಯಾರಾದರೂ ಇರಲಿ. ಮುಂದೆ ಮಕ್ಕಳನ್ನು ಬಯಸುವವರು ಫಿಟ್ಸ್ ಮಾತ್ರೆ ಯಾವುದು ಎಂದು ವೈದ್ಯರಲ್ಲಿ ಮೊದಲೇ ಕೇಳಬೇಕು, ಏಕೆಂದರೆ ವಾಲ್‌ಪ್ರೊಯೇಟ್‌ನಂಥ ಕೆಲವು ಮಾತ್ರೆಗಳು ಗರ್ಭದ ಮಗುವಿಗೆ ಹಾನಿ ಮಾಡುತ್ತವೆ.

ಕಣ್ಣಿಗೆ ಕಾಣದ ತೊಂದರೆಗಳೂ ಇವೆ. ಕೈಕಾಲು ಸರಿಯಾಗಿವೆ, ನಡೆಯುತ್ತಾಳೆ, ರೊಟ್ಟಿ ಬಡಿಯುತ್ತಾಳೆ. ಆದರೆ ಒಲೆಯ ಮೇಲೆ ಬೇಳೆ ಇಟ್ಟದ್ದು ಮರೆಯುತ್ತದೆ, ಮಾತಿನ ನಡುವೆ ಶಬ್ದ ಸಿಗುವುದಿಲ್ಲ, ಮಧ್ಯಾಹ್ನಕ್ಕೆ ಮೈ ಸೋಲುತ್ತದೆ, ತಲೆನೋವು ಬಂದಾಗಲೆಲ್ಲ ಮತ್ತೆ ಅದೇ ಬಂತೇನೋ ಎಂಬ ಭಯ ಕಾಡುತ್ತದೆ. ಮನೆಯವರು ಇದನ್ನು ಸೋಮಾರಿತನ ಎನ್ನಬಾರದು. ಗಾಯಗೊಂಡ ಮಿದುಳು ಮಾಗಲು ತಿಂಗಳುಗಳು ಬೇಕು. ಮನಸ್ಸು ಕುಗ್ಗಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಆರಂಭವಾದ ಟೆಲಿಮಾನಸ್ ಸೇವೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಶಾಶ್ವತವಾದ ಊನ ಉಳಿದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಡಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ಇನ್ನೊಂದು ನೋವಿನ ವಿಚಾರ. ಒಮ್ಮೆ ಫಿಟ್ಸ್ ಬಂತೆಂದು ಸೊಸೆಯನ್ನು ತವರಿಗೆ ಕಳಿಸಿ, ಮತ್ತೆ ಕರೆಸಿಕೊಳ್ಳದ ಮನೆಗಳೂ ಇರುತ್ತವೆ. ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆ ರೋಗವನ್ನು ಮದುವೆಗೆ ಅಡ್ಡಿಯೆಂದು ಹೇಳಿದ್ದ ಮಾತನ್ನು 1999ರಲ್ಲಿಯೇ ತೆಗೆದುಹಾಕಲಾಗಿದೆ. ಕಾನೂನು ಬಿಟ್ಟ ಕಳಂಕವನ್ನು ನಾವು ಹೊತ್ತು ತಿರುಗುವುದು ಏಕೆ? ನಿಮ್ಮ ಮನೆಯ ಮಗುವನ್ನು ಹೆತ್ತು ಈ ಕಾಯಿಲೆ ತಂದುಕೊಂಡವಳು ಅವಳು. ಔಷಧದ ಖರ್ಚು ತವರಿನದೋ ಅತ್ತೆಮನೆಯದೋ ಎಂಬ ಜಗಳದಲ್ಲಿ ಒಂದು ವಾರ ಮಾತ್ರೆ ತಪ್ಪಿದರೂ ಅದರ ಬೆಲೆ ತೆರುವವಳು ಅವಳೇ.

"ಇನ್ನೊಂದು ಕೂಸು ಆಗಬಹುದೇನ್ರಿ?" ಎಂಬುದು ಅನೇಕರು ಸಂಕೋಚದಿಂದ ಕೇಳುವ ಪ್ರಶ್ನೆ. ಆಗಬಹುದು, ಆದರೆ ಯೋಚಿಸಿ, ವೈದ್ಯರಿಗೆ ಮೊದಲೇ ಹೇಳಿ ಆಗಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಈ ಕಾಯಿಲೆ ಒಮ್ಮೆ ಬಂದವರ 1000 ಗರ್ಭಗಳಲ್ಲಿ ಸುಮಾರು 9ರಲ್ಲಿ ಅದು ಮರುಕಳಿಸಿತು. ವಾರ್ಫರಿನ್ ಗರ್ಭದ ಮಗುವಿಗೆ ಒಳ್ಳೆಯದಲ್ಲ, ಆದ್ದರಿಂದ ಅದರ ಬದಲು ಹೆಪಾರಿನ್ ಚುಚ್ಚುಮದ್ದು ಕೊಡುತ್ತಾರೆ, ಹೆರಿಗೆಯ ನಂತರ ಆರು ವಾರವೂ ಮುಂದುವರಿಸುತ್ತಾರೆ. ಅಲ್ಲಿಯವರೆಗೆ ಬಸುರು ತಡೆಯಲು ಈಸ್ಟ್ರೊಜನ್ ಇರುವ ಗುಳಿಗೆ ಇವರಿಗೆ ಕೂಡದು. ಕಾಪರ್-ಟಿ ಇದೆ. ಸಾಕು ಎನಿಸಿದ ಮೇಲೆ ಗಂಡಸರ ಸಣ್ಣ ಶಸ್ತ್ರಚಿಕಿತ್ಸೆಯೂ ಇದೆ, ಗಂಡನಾದವನು ಹೊರಬಹುದಾದ ಹೊರೆ ಅದು. ಜಾತ್ರೆ, ಮದುವೆ, ಪೂಜೆಯ ಹೊತ್ತಿಗೆ ಮುಟ್ಟು ಮುಂದೂಡಲು ಔಷಧದಂಗಡಿಯಿಂದ ಮಾತ್ರೆ ತಂದು ನುಂಗುವುದನ್ನೂ ಬಿಡಿ. ಅಂಥ ಮಾತ್ರೆಯ ನಂತರ ಈ ಕಾಯಿಲೆ ಕಾಣಿಸಿಕೊಂಡದ್ದನ್ನು ನಮ್ಮ ದೇಶದ ವೈದ್ಯರು ವರದಿ ಮಾಡಿದ್ದಾರೆ.

ಗಂಡಸರು ಇದು ಹೆಂಗಸರ ಕಾಯಿಲೆ ಎಂದು ಪುಟ ಮಗುಚಬಾರದು. ನಮ್ಮ ನೆರೆಯ ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯು 428 ರೋಗಿಗಳ ವಿವರವನ್ನು 2012ರಲ್ಲಿ ಪ್ರಕಟಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡಸರು. ಸರಾಸರಿ ವಯಸ್ಸು 31ರ ಆಸುಪಾಸು. ಮದ್ಯಪಾನ, ರಕ್ತಹೀನತೆ, ಹೋಮೋಸಿಸ್ಟೀನ್ ಏರಿಕೆ ಕಾರಣಗಳ ಸಾಲಿನಲ್ಲಿದ್ದವು. ಬಿಸಿಲಿನಲ್ಲಿ ದಿನವಿಡೀ ದುಡಿದು, ನೀರು ಕುಡಿಯದೆ, ಸಂಜೆ ಮದ್ಯ ಕುಡಿಯುವವರ ಮೈಯಲ್ಲಿ ನೀರು ಇನ್ನಷ್ಟು ಬತ್ತುತ್ತದೆ. ತೊಗರಿ ಹೊಲದಲ್ಲಿ, ಕಬ್ಬು ಕಡಿಯುವಲ್ಲಿ, ಕಟ್ಟಡದ ಕೆಲಸದಲ್ಲಿ ಇರುವವರು ನೀರಿನ ಬಾಟಲಿ ಜೊತೆಗಿಡಬೇಕು. ಎಂದೂ ಇಲ್ಲದ ತಲೆನೋವು ದಿನೇ ದಿನೇ ಏರಿದರೆ ನಿಶೆಯ ಫಲ ಎಂದು ಸುಮ್ಮನಾಗಬಾರದು.

ಕೊನೆಯದಾಗಿ ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ನೀವು 3, 7, 14, 21, 28 ಮತ್ತು 42ನೇ ದಿನ ಹೋಗುತ್ತೀರಿ. ಮಗುವಿನ ತೂಕ ನೋಡುತ್ತೀರಿ, ಹೊಕ್ಕುಳು ನೋಡುತ್ತೀರಿ. ಈ ಆರು ಭೇಟಿಗಳು ಸರಿಯಾಗಿ ಆ ಆರು ವಾರಗಳ ಮೇಲೆಯೇ ಬರುತ್ತವೆ. ಮಗುವನ್ನು ನೋಡಿದ ಮೇಲೆ ತಾಯಿಯ ಕಡೆ ತಿರುಗಿ ಎರಡು ಪ್ರಶ್ನೆ ಕೇಳಿ: "ತಲಿ ನೋಯ್ತದೇನವ್ವಾ? ನೀರ್ ಎಷ್ಟ್ ಕುಡೀಲತ್ತಿದಿ?" ಉತ್ತರವನ್ನು ಅತ್ತೆಯಿಂದಲ್ಲ, ಅವಳ ಬಾಯಿಂದಲೇ ಕೇಳಿ. ಓದುಗರಾದ ನೀವೂ ನಿಮ್ಮ ಓಣಿಯ ಬಾಣಂತಿಯನ್ನು ಮಾತಾಡಿಸಲು ಹೋದಾಗ ಕೂಸಿನ ಕೈಯಲ್ಲಿ ದುಡ್ಡಿಡುವ ಮೊದಲು ಇವೇ ಎರಡು ಪ್ರಶ್ನೆ ಕೇಳಿ. ಹೌದು, ನೋಯುತ್ತದೆ, ನಾಲ್ಕು ದಿನವಾಯಿತು ಎಂದರೆ, ಅಂದೇ ಗಾಡಿ ಕಟ್ಟಿಸಿ.